ಸೊರಗಿದ ಕಡಲತಡಿಯ ಪಟ್ಟಣಕ್ಕೆ ಯಾವ ಹಣ ಆಗಿಬರುತ್ತದೆ? ಸರ್ಕಾರಿ ನೆರವಿನ ದಾರಿಗಳ ಹೋಲಿಕೆ

ಮೀನುಗಾರಿಕೆ ಕುಗ್ಗಿದ, ಪ್ರವಾಸಿಗರು ಬೇರೆ ದಿಕ್ಕು ಹಿಡಿದ, ಬಂದರಿನ ಕೆಲಸವೆಲ್ಲ ದೊಡ್ಡ ಬಂದರುಗಳ ಪಾಲಾದ ಕಡಲತಡಿಯ ಪಟ್ಟಣಕ್ಕೆ ಸರ್ಕಾರದ ಹಣ ಬೇಕು ಎನ್ನುವುದನ್ನು ಹೆಚ್ಚಿನವರು ಒಪ್ಪುತ್ತಾರೆ. ಆ ಹಣ ಯಾವ ದಾರಿಯಿಂದ ಬರಬೇಕು ಎಂಬ ಮಾತು ಬಂದಾಗ ಒಮ್ಮತ ಒಡೆಯುತ್ತದೆ. ಜನಸಂಖ್ಯೆ ಮತ್ತು ಅಗತ್ಯವನ್ನು ಲೆಕ್ಕಹಾಕಿ ಪ್ರತಿವರ್ಷ ತಾನಾಗಿ ಬರುವ ಅನುದಾನ, ಅರ್ಜಿ ಹಾಕಿ ಇತರ ಊರುಗಳೊಡನೆ ಸ್ಪರ್ಧಿಸಿ ಗೆಲ್ಲಬೇಕಾದ ಯೋಜನಾ ನಿಧಿ, ಸಮುದ್ರದಿಂದ ಹುಟ್ಟುವ ಆದಾಯದಲ್ಲಿ ಪಾಲು, ಊರಿನದೇ ತೆರಿಗೆ, ಹೊರಗಿನವರ ದೇಣಿಗೆ, ಸ್ಥಳೀಯರ ಸಮಿತಿಯ ಕೈಗೆ ಕೊಡುವ ಸಣ್ಣ ಗಂಟು, ಕೊನೆಗೆ ಊರನ್ನೇ ಬಿಟ್ಟು ಹೋಗುವವರಿಗೆ ಕೊಡುವ ಪರಿಹಾರ: ಇವೆಲ್ಲವನ್ನೂ ಬೇರೆ ಬೇರೆ ದೇಶಗಳು ಪ್ರಯೋಗಿಸಿ ನೋಡಿವೆ. ಪುರಸಭೆಯ ಸದಸ್ಯರಾಗಲಿ, ಅಧಿಕಾರಿಗಳಾಗಲಿ, ನಾಗರಿಕ ಸಮಿತಿಯವರಾಗಲಿ ಇವುಗಳಲ್ಲಿ ಯಾವುದರ ಹಿಂದೆ ತಮ್ಮ ಶ್ರಮ ಮತ್ತು ಸಮಯವನ್ನು ಹಾಕಬೇಕು ಎಂದು ತೀರ್ಮಾನಿಸುವಾಗ ನೆರವಾಗಲೆಂದು ಈ ಹೋಲಿಕೆಯನ್ನು ಬರೆದಿದ್ದೇನೆ.

ನನ್ನ ಅಳತೆಗೋಲನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ನಿಧಿಯೇ ಇರಲಿ, ಅದರಿಂದ ನಡೆಯುವ ಸೇವೆಯ ಸಿಬ್ಬಂದಿಗೆ ಮೂರನೆಯ ವರ್ಷದ ಸಂಬಳವನ್ನು ಯಾರು ಕೊಡುತ್ತಾರೆ ಎಂದು ಕೇಳಬೇಕು. ಬಜೆಟ್ಟಿನ ಭಾಷೆಯಲ್ಲಿ ಇದು ಬಂಡವಾಳ ವೆಚ್ಚಕ್ಕೂ ರಾಜಸ್ವ ವೆಚ್ಚಕ್ಕೂ ಇರುವ ವ್ಯತ್ಯಾಸ. ಕಟ್ಟಡ, ಕಟ್ಟೆ, ಉದ್ಯಾನ, ಉಪಕರಣಗಳಿಗೆ ಒಮ್ಮೆ ಖರ್ಚಾಗುವುದು ಬಂಡವಾಳ ವೆಚ್ಚ. ದಾದಿಯರು, ಬಸ್ ಚಾಲಕರು, ಗ್ರಂಥಪಾಲಕರು, ಪೌರಕಾರ್ಮಿಕರು, ವಿದ್ಯುತ್ ಬಿಲ್ಲು, ದುರಸ್ತಿ ಇವಕ್ಕೆ ವರ್ಷವರ್ಷವೂ ಬೇಕಾಗುವುದು ರಾಜಸ್ವ ವೆಚ್ಚ. ಕಡಲತಡಿಯ ಊರುಗಳು ಸೊರಗುವುದು ಬಹುತೇಕ ಎರಡನೆಯದರ ಕೊರತೆಯಿಂದ; ಅವುಗಳಿಗೆ ಘೋಷಣೆಯಾಗುವ ನಿಧಿಗಳಾದರೋ ಬಹುತೇಕ ಮೊದಲನೆಯ ಬಗೆಯವು.

ಕಡಲತಡಿಯ ಊರಿನ ಕಷ್ಟವೇ ಬೇರೆ

ಒಳನಾಡಿನ ಪಟ್ಟಣಕ್ಕೆ ನಾಲ್ಕೂ ದಿಕ್ಕಿನಿಂದ ಹಳ್ಳಿಗಳ ಜನ ಬರುತ್ತಾರೆ. ಕಡಲತಡಿಯ ಪಟ್ಟಣಕ್ಕೆ ಅರ್ಧ ವೃತ್ತವೇ ನೀರು. ಅಂಗಡಿಗೆ ಗಿರಾಕಿಗಳೂ, ಆಸ್ಪತ್ರೆಗೆ ವೈದ್ಯರೂ, ಕಾರ್ಖಾನೆಗೆ ಕೆಲಸಗಾರರೂ ಉಳಿದ ಅರ್ಧದಿಂದಲೇ ಬರಬೇಕು. ರೈಲು ಮತ್ತು ರಸ್ತೆ ಅಲ್ಲಿಗೇ ಕೊನೆಗೊಳ್ಳುತ್ತವೆ. ಅದನ್ನು ದಾಟಿ ಮುಂದಕ್ಕೆ ಹೋಗುವವರಿಲ್ಲದ ಕಾರಣ ದಾರಿಹೋಕರ ವ್ಯಾಪಾರವೂ ಇಲ್ಲ. ದುಡಿಮೆ ಋತುವಿಗೆ ಕಟ್ಟುಬಿದ್ದದ್ದು. ಬೇಸಿಗೆಯ ತಂಗಾಳಿಗೆಂದು ಬಂದು ನಿವೃತ್ತಿಯ ನಂತರ ಅಲ್ಲೇ ನೆಲೆಸುವವರಿಂದ ವಯಸ್ಸಾದವರ ಪ್ರಮಾಣ ಏರುತ್ತದೆ, ಓದಿದ ಮಕ್ಕಳು ಹೊರಟುಹೋಗುತ್ತಾರೆ.

ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟ್ಟಿ 2021ರ ತಮ್ಮ ವಾರ್ಷಿಕ ವರದಿಯನ್ನು ಸಂಪೂರ್ಣವಾಗಿ ಕರಾವಳಿ ಜನರ ಆರೋಗ್ಯಕ್ಕೆ ಮೀಸಲಿಟ್ಟರು. ಅಲ್ಲಿನ ಕರಾವಳಿ ಪಟ್ಟಣಗಳಲ್ಲಿ ರೋಗಿಗಳ ಸಂಖ್ಯೆಗೆ ಹೋಲಿಸಿದರೆ ತಜ್ಞ ವೈದ್ಯರು ಶೇ. 15ರಷ್ಟು ಕಡಿಮೆ, ತರಬೇತಿಯಲ್ಲಿರುವ ಸ್ನಾತಕೋತ್ತರ ವೈದ್ಯರು ಶೇ. 14.6ರಷ್ಟು ಕಡಿಮೆ, ದಾದಿಯರು ಶೇ. 7.4ರಷ್ಟು ಕಡಿಮೆ ಎಂದು ಆ ವರದಿ ಲೆಕ್ಕ ಕೊಟ್ಟಿತು. ಕಾಯಿಲೆ ಹೆಚ್ಚಿರುವಲ್ಲಿ ವೈದ್ಯರು ಕಡಿಮೆ. ವಾಯವ್ಯ ಇಂಗ್ಲೆಂಡಿನ ಕಡಲತಡಿಯ ಪಟ್ಟಣ ಬ್ಲ್ಯಾಕ್‌ಪೂಲ್‌ನಲ್ಲಿ ಗಂಡಸರ ಸರಾಸರಿ ಆಯುಷ್ಯ ಸುಮಾರು 74 ವರ್ಷ. ಇಡೀ ಇಂಗ್ಲೆಂಡಿನಲ್ಲಿ ಅದೇ ಕನಿಷ್ಠ. ಒಂದು ಕಾಲದಲ್ಲಿ ಕಾರ್ಮಿಕ ಕುಟುಂಬಗಳು ರಜೆ ಕಳೆಯುತ್ತಿದ್ದ ಅಲ್ಲಿನ ಅತಿಥಿಗೃಹಗಳು ಇಂದು ಕೋಣೆಕೋಣೆಯಾಗಿ ಒಡೆದ ಬಾಡಿಗೆ ಮನೆಗಳಾಗಿವೆ. ಬಾಡಿಗೆಗೆ ಸರ್ಕಾರ ಕೊಡುವ ಸಹಾಯಧನದ ದರವನ್ನು ಸುತ್ತಲಿನ ವಿಶಾಲ ಪ್ರದೇಶದ ಬಾಡಿಗೆ ನೋಡಿ ನಿಗದಿಪಡಿಸುವುದರಿಂದ ಕಳಪೆ ಕೋಣೆಗೂ ಒಳ್ಳೆಯ ಬಾಡಿಗೆ ಸಿಗುತ್ತದೆ. ಮಾಲೀಕರಿಗೆ ದುರಸ್ತಿ ಮಾಡಿಸುವ ಒತ್ತಡವಿಲ್ಲ, ಬೇರೆಡೆ ನೆಲೆ ಸಿಗದ ಬಡವರು ಅಲ್ಲಿಗೇ ಬಂದು ಸೇರುತ್ತಾರೆ. ಸರ್ಕಾರದ್ದೇ ಹಣ ಒಂದು ಕೈಯಿಂದ ಊರಿನ ಕಷ್ಟವನ್ನು ಹೆಚ್ಚಿಸುತ್ತಾ ಇನ್ನೊಂದು ಕೈಯಿಂದ ಅದನ್ನು ನೀಗಿಸಲು ಯತ್ನಿಸುವ ಸ್ಥಿತಿ ಇದು. ಹೊಸ ನಿಧಿಯನ್ನು ಕೇಳುವ ಮೊದಲು ಈಗಾಗಲೇ ಹರಿಯುತ್ತಿರುವ ಹಣ ಏನು ಮಾಡುತ್ತಿದೆ ಎಂದು ನೋಡಬೇಕು ಎನ್ನುವುದು ಈ ಕಾರಣಕ್ಕೆ.

ಸೂತ್ರದ ಪ್ರಕಾರ ಬರುವ ವಾರ್ಷಿಕ ಅನುದಾನ

ಇದು ಹೆಸರಿಲ್ಲದ, ಉದ್ಘಾಟನೆಯಿಲ್ಲದ, ಫಲಕವಿಲ್ಲದ ಹಣ. ಜಪಾನಿನ ಸ್ಥಳೀಯ ಹಂಚಿಕೆ ತೆರಿಗೆ ಪದ್ಧತಿ ಇದಕ್ಕೆ ಸ್ಪಷ್ಟ ಉದಾಹರಣೆ. ಆದಾಯ ತೆರಿಗೆ, ಕಾರ್ಪೊರೇಟ್ ತೆರಿಗೆ, ಬಳಕೆ ತೆರಿಗೆ ಮುಂತಾದ ರಾಷ್ಟ್ರೀಯ ತೆರಿಗೆಗಳ ನಿಗದಿತ ಪಾಲನ್ನು ತೆಗೆದಿಟ್ಟು, ಪ್ರತಿ ಪಟ್ಟಣಕ್ಕೂ ಸಾಮಾನ್ಯ ಮಟ್ಟದ ಸೇವೆ ನಡೆಸಲು ಬೇಕಾಗುವ ವೆಚ್ಚವೆಷ್ಟು, ಅದರ ಸ್ವಂತ ಆದಾಯವೆಷ್ಟು ಎಂದು ಲೆಕ್ಕಹಾಕಿ, ವ್ಯತ್ಯಾಸವನ್ನು ತುಂಬಿಕೊಡುವುದು ಅದರ ತಿರುಳು. ಈ ಹಣದಿಂದ ಶಾಲೆ, ಕಸ ವಿಲೇವಾರಿ, ಅಗ್ನಿಶಾಮಕ, ಹಿರಿಯರ ಆರೈಕೆ ಯಾವುದನ್ನಾದರೂ ನಡೆಸಬಹುದು, ಸಂಬಳವನ್ನೂ ಕೊಡಬಹುದು.

ಇದರ ದೌರ್ಬಲ್ಯ ಸೂತ್ರದ ಒಳಗೇ ಇದೆ. ಮೊದಲನೆಯದು ಸರಾಸರಿಯ ಮರೆ. ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ಜೇವಿಕ್ 2010, 2015 ಮತ್ತು 2019ರ ಸರ್ಕಾರಿ ಸೂಚ್ಯಂಕಗಳಲ್ಲಿ ಸತತವಾಗಿ ದೇಶದ ಅತ್ಯಂತ ವಂಚಿತ ನೆರೆಹೊರೆಯೆಂದು ದಾಖಲಾಯಿತು. ಅದೇ ಟೆಂಡ್ರಿಂಗ್ ಜಿಲ್ಲೆಯ ಕಡಲತಡಿಯಲ್ಲಿ ಸ್ಥಿತಿವಂತರ ಫ್ರಿಂಟನ್ ಕೂಡ ಇದೆ. ಜಿಲ್ಲೆಯ ಸರಾಸರಿ ತೆಗೆದರೆ ಎರಡೂ ಬೆರೆತು ಕಷ್ಟ ಸೌಮ್ಯವಾಗಿ ಕಾಣುತ್ತದೆ. ಕರಾವಳಿಯ ಕಾಯಿಲೆಗಳು ಕಣ್ಣಿಗೆ ಬೀಳದೆ ಉಳಿಯಲು ಸಣ್ಣ ಪ್ರದೇಶಗಳ ಅಂಕಿಅಂಶ ಇಲ್ಲದಿರುವುದೂ ಕಾರಣವೆಂದು ವಿಟ್ಟಿಯವರ ವರದಿ ಒತ್ತಿ ಹೇಳಿತ್ತು. ಎರಡನೆಯದು ಯಾರನ್ನು ಎಣಿಸುತ್ತೇವೆ ಎಂಬುದು. ಬೇಸಿಗೆಯಲ್ಲಿ ಜನಸಂಖ್ಯೆ ಹಲವು ಪಟ್ಟಾಗುವ ಊರಿನಲ್ಲಿ ಕಸ, ಒಳಚರಂಡಿ, ಪೊಲೀಸು, ಆಂಬ್ಯುಲೆನ್ಸ್ ಎಲ್ಲವೂ ಆ ಗರಿಷ್ಠ ದಿನಕ್ಕೆ ತಕ್ಕಂತೆ ಇರಬೇಕು. ಸೂತ್ರ ಎಣಿಸುವುದು ಕಾಯಂ ನಿವಾಸಿಗಳನ್ನು ಮಾತ್ರ. ಫ್ರಾನ್ಸ್ ಇದಕ್ಕೊಂದು ಸರಳ ಪರಿಹಾರ ಕಂಡುಕೊಂಡಿದೆ: ಅಲ್ಲಿ ಸ್ಥಳೀಯ ಸಂಸ್ಥೆಗಳ ಸಾಮಾನ್ಯ ಅನುದಾನವನ್ನು ಲೆಕ್ಕಹಾಕುವಾಗ ಪ್ರತಿ ಎರಡನೆಯ ಮನೆಗೂ, ಅಂದರೆ ರಜೆಗಷ್ಟೇ ತೆರೆಯುವ ಮನೆಗೂ, ಒಬ್ಬ ನಿವಾಸಿಯನ್ನು ಸೇರಿಸುತ್ತಾರೆ. ಸೂತ್ರದಲ್ಲಿ ಇಂಥ ಒಂದು ಸಾಲು ಸೇರಿಸುವಂತೆ ಹೋರಾಡಿದರೆ, ಅದರ ಫಲ ಹತ್ತು ಯೋಜನೆಗಳನ್ನು ಗೆದ್ದದ್ದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ ಎಂದು ನಾನು ನಂಬುತ್ತೇನೆ.

ಮೂರನೆಯ ಅಪಾಯ, ಗದ್ದಲವಿಲ್ಲದೆ ಬರುವ ಹಣ ಗದ್ದಲವಿಲ್ಲದೆಯೇ ಕರಗುತ್ತದೆ ಎನ್ನುವುದು. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2018ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 2010–11ರಿಂದ 2017–18ರವರೆಗೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ ಕೇಂದ್ರದಿಂದ ಸಿಗುತ್ತಿದ್ದ ಅನುದಾನ, ಬೆಲೆಯೇರಿಕೆಯನ್ನು ಕಳೆದು ನೋಡಿದರೆ, ಶೇ. 49.1ರಷ್ಟು ಇಳಿದಿತ್ತು. ಶ್ರೀಮಂತ ಊರುಗಳು ಸ್ವಂತ ತೆರಿಗೆಯಿಂದ ಆ ಹೊಂಡದ ಒಂದು ಭಾಗವನ್ನು ತುಂಬಿಕೊಂಡವು. ಅನುದಾನವನ್ನೇ ಹೆಚ್ಚು ನೆಚ್ಚಿಕೊಂಡಿದ್ದ ಬಡ ಊರುಗಳಿಗೆ ಆ ಅನುಕೂಲವಿರಲಿಲ್ಲ. ಕರಾವಳಿಯ ಅನೇಕ ಪಟ್ಟಣಗಳು ಈ ಸಾಲಿಗೆ ಸೇರಿದವು.

ಸ್ಪರ್ಧೆಯಲ್ಲಿ ಗೆಲ್ಲಬೇಕಾದ ಯೋಜನಾ ನಿಧಿ

ಸರ್ಕಾರಗಳಿಗೆ ಅತ್ಯಂತ ಪ್ರಿಯವಾದದ್ದು ಈ ಮಾದರಿ. ಹಣಕ್ಕೊಂದು ಹೆಸರು ಬರುತ್ತದೆ, ವಿಜೇತರ ಪಟ್ಟಿ ಬರುತ್ತದೆ, ಮಂತ್ರಿಗಳು ಬಂದು ಶಂಕುಸ್ಥಾಪನೆ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ 2019ರಲ್ಲಿ 360 ಕೋಟಿ ಪೌಂಡುಗಳ ಟೌನ್ಸ್ ಫಂಡ್ ಘೋಷಣೆಯಾಗಿ 101 ಪಟ್ಟಣಗಳನ್ನು ಆಹ್ವಾನಿಸಲಾಯಿತು. ಸಾಮಾನ್ಯವಾಗಿ ಒಂದು ಊರಿಗೆ ಗರಿಷ್ಠ 2.5 ಕೋಟಿ ಪೌಂಡು. ಪಟ್ಟಣಗಳನ್ನು ಆರಿಸಿದ ಬಗೆ ಎಷ್ಟು ನ್ಯಾಯವಾಗಿತ್ತು ಎಂಬ ಬಗ್ಗೆ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೇ ಕಟುವಾದ ಪ್ರಶ್ನೆಗಳನ್ನೆತ್ತಿತು. ಅದರ ಹಿಂದೆಯೇ 480 ಕೋಟಿ ಪೌಂಡುಗಳ ಲೆವೆಲಿಂಗ್ ಅಪ್ ಫಂಡ್ ಬಂತು. ಅದರ ಎರಡನೆಯ ಸುತ್ತಿಗೆ 500ಕ್ಕೂ ಹೆಚ್ಚು ಅರ್ಜಿಗಳು ಬಂದು, 2023ರ ಜನವರಿಯಲ್ಲಿ 111 ಯೋಜನೆಗಳಿಗೆ 210 ಕೋಟಿ ಪೌಂಡು ಮಂಜೂರಾಯಿತು. ಕಡಲತಡಿಯ ಮೋರ್‌ಕ್ಯಾಂಬ್‌ನ ಈಡನ್ ಪ್ರಾಜೆಕ್ಟ್ ಎಂಬ ಪ್ರವಾಸಿ ತಾಣದ ಯೋಜನೆಗೆ ಐದು ಕೋಟಿ ಪೌಂಡು ಸಿಕ್ಕಿದ್ದು ಆ ಸುತ್ತಿನಲ್ಲೇ.

ಗೆದ್ದ ಊರಿನ ಸಂತೋಷ ನಿಜವಾದದ್ದು. ಅದನ್ನು ಹಗುರವಾಗಿ ಕಾಣಲಾರೆ. ಆದರೆ ಸೋತವರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದೊಂದು ಸ್ಪರ್ಧಾತ್ಮಕ ಅನುದಾನದ ಬೆನ್ನು ಹತ್ತಲು ಒಂದು ಸ್ಥಳೀಯ ಸಂಸ್ಥೆಗೆ ಸುಮಾರು 30 ಸಾವಿರ ಪೌಂಡು ಖರ್ಚಾಗುತ್ತದೆ ಎಂದು ಅಲ್ಲಿನ ಸ್ಥಳೀಯ ಸಂಸ್ಥೆಗಳ ಒಕ್ಕೂಟ ಅಂದಾಜು ಮಾಡಿತ್ತು. ಸಲಹೆಗಾರರನ್ನು ನೇಮಿಸಿ ನಕ್ಷೆ, ಲಾಭವೆಚ್ಚದ ವಿಶ್ಲೇಷಣೆ, ಚಿತ್ರಪುಸ್ತಿಕೆಗಳನ್ನು ಸಿದ್ಧಪಡಿಸುವುದು ದೊಡ್ಡ ನಗರಕ್ಕೆ ಸುಲಭ. ಎಂಜಿನಿಯರೊಬ್ಬರೇ ಮೂರು ಇಲಾಖೆ ನೋಡಿಕೊಳ್ಳುವ ಸಣ್ಣ ಪಟ್ಟಣಕ್ಕೆ ಅಲ್ಲ. ಅಗತ್ಯ ಹೆಚ್ಚಿರುವ ಊರಿಗೆ ಅರ್ಜಿ ಬರೆಯುವ ಶಕ್ತಿ ಕಡಿಮೆ ಎನ್ನುವುದು ಈ ಮಾದರಿಯೊಳಗಿನ ದೊಡ್ಡ ಅನ್ಯಾಯ. ನಡುವೆ ನಿಯಮವೇ ಬದಲಾದರೆ ಇನ್ನೂ ಕಷ್ಟ: ಆ ಎರಡನೆಯ ಸುತ್ತಿನಲ್ಲಿ ಅರ್ಜಿಗಳ ಪರಿಶೀಲನೆ ನಡೆಯುತ್ತಿರುವಾಗಲೇ ನಿಯಮ ಬದಲಿಸಿದ್ದರಿಂದ 55 ಸ್ಥಳೀಯ ಸಂಸ್ಥೆಗಳಿಗೆ ಗೆಲ್ಲುವ ಸಾಧ್ಯತೆಯೇ ಇರಲಿಲ್ಲವೆಂದು ಲೆಕ್ಕಪತ್ರ ಸಮಿತಿ 2024ರ ಮಾರ್ಚ್‌ನಲ್ಲಿ ವರದಿ ಮಾಡಿತು. ಅದೇ ವರದಿಯ ಪ್ರಕಾರ ಇವೆರಡೂ ಸೇರಿದಂತೆ ಮೂರು ನಿಧಿಗಳಲ್ಲಿದ್ದ ಒಟ್ಟು 1,047 ಕೋಟಿ ಪೌಂಡುಗಳಲ್ಲಿ 2023ರ ಸೆಪ್ಟೆಂಬರ್ ಹೊತ್ತಿಗೆ ಸ್ಥಳೀಯ ಸಂಸ್ಥೆಗಳು ನಿಜವಾಗಿ ಖರ್ಚು ಮಾಡಲಾದದ್ದು 124 ಕೋಟಿ ಮಾತ್ರ. ಮಂಜೂರಾತಿಗೂ ಕೆಲಸಕ್ಕೂ ನಡುವಿನ ಆ ವರ್ಷಗಳಲ್ಲಿ ಸಿಮೆಂಟಿನ ದರ ಏರುತ್ತದೆ, ಯೋಜನೆ ಕುಗ್ಗುತ್ತದೆ, ಮಾತು ಕೊಟ್ಟ ಸದಸ್ಯರು ಬದಲಾಗುತ್ತಾರೆ.

ಹಾಗಾದರೆ ಈ ದಾರಿಯನ್ನು ಬಿಟ್ಟೇಬಿಡಬೇಕೆ? ಬೇಡ. ಇಂಗ್ಲೆಂಡಿನ ಕೆಂಟ್ ಕರಾವಳಿಯ ಮಾರ್ಗೇಟ್ ಪಟ್ಟಣದಲ್ಲಿ 1.75 ಕೋಟಿ ಪೌಂಡು ವೆಚ್ಚದಲ್ಲಿ ಕಟ್ಟಿದ ಟರ್ನರ್ ಕಂಟೆಂಪರರಿ ಕಲಾಗ್ಯಾಲರಿ 2011ರಲ್ಲಿ ತೆರೆಯಿತು. ಊರಿಗೆ ಹೊಸ ಜನ ಬಂದರು, ಹಳೆಯ ಬೀದಿಗಳಲ್ಲಿ ಅಂಗಡಿಗಳು ಮತ್ತೆ ಬಾಗಿಲು ತೆರೆದವು. ಅದು ನಿಂತಿದ್ದು ಕಟ್ಟಡದ ಚೆಲುವಿನಿಂದ ಮಾತ್ರವಲ್ಲ. ನಡೆಸುವ ಖರ್ಚನ್ನು ಕೆಂಟ್ ಕೌಂಟಿ ಮಂಡಳಿ ಮತ್ತು ಕಲೆಗೆ ಸಾರ್ವಜನಿಕ ಹಣ ಹಂಚುವ ಆರ್ಟ್ಸ್ ಕೌನ್ಸಿಲ್ ವರ್ಷವರ್ಷವೂ ಹೊತ್ತಿದ್ದರಿಂದ. ಹಾಗಿದ್ದೂ ಗ್ಯಾಲರಿಯಿಂದ ನಡೆದು ಹೋಗುವಷ್ಟು ಸಮೀಪದ ವಾರ್ಡುಗಳು ಇಂದಿಗೂ ಕೆಂಟ್‌ನ ಅತಿ ಬಡ ವಾರ್ಡುಗಳ ಸಾಲಿನಲ್ಲೇ ಇವೆ, ಮನೆಗಳ ಬೆಲೆ ಮಾತ್ರ ಏರಿದೆ. ಸ್ಪರ್ಧೆಗೆ ಇಳಿಯುವ ಊರು ಈ ಎರಡೂ ಪಾಠಗಳನ್ನು ಮೊದಲೇ ಕಲಿತು, ನಡೆಸುವ ಖರ್ಚಿನ ಲಿಖಿತ ಒಪ್ಪಿಗೆಯನ್ನೂ ಈಗಿರುವ ಬಾಡಿಗೆದಾರರ ರಕ್ಷಣೆಯನ್ನೂ ಅರ್ಜಿಯೊಳಗೇ ಸೇರಿಸಿದರೆ ಮಾತ್ರ ನಾನು ಅದಕ್ಕೆ ಒಪ್ಪಿಗೆ ಕೊಡುತ್ತೇನೆ.

ಸಮುದ್ರದ ಆದಾಯದಲ್ಲಿ ಪಾಲು

ಸಮುದ್ರತಳದ ಗುತ್ತಿಗೆ, ಗಾಳಿಯಂತ್ರಗಳ ಬಾಡಿಗೆ, ಬಂದರಿನ ಸುಂಕ, ತೈಲ: ಕಡಲು ಹಣ ಹುಟ್ಟಿಸುತ್ತದೆ, ಆ ಹಣ ದೂರದ ಖಜಾನೆಗೆ ಹೋಗುತ್ತದೆ. ಅದರಲ್ಲೊಂದು ಪಾಲು ದಡದ ಊರಿಗೆ ಸೇರಬೇಕೆಂಬ ವಾದ ನನಗೆ ಅತ್ಯಂತ ನ್ಯಾಯವಾಗಿ ಕಾಣುತ್ತದೆ. ಒಂದೇ ವಿಚಾರವನ್ನು ಬ್ರಿಟನ್ನಿನೊಳಗೇ ಮೂರು ರೀತಿಯಲ್ಲಿ ಜಾರಿಗೆ ತಂದದ್ದನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಮೊದಲನೆಯದು 2012ರಲ್ಲಿ ಆರಂಭವಾದ ಕೋಸ್ಟಲ್ ಕಮ್ಯುನಿಟೀಸ್ ಫಂಡ್. ರಾಜಮನೆತನದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿನ ಸಾಗರ ಆದಾಯವನ್ನು ಅಳತೆಯಾಗಿಟ್ಟುಕೊಂಡು ಅದರ ಗಾತ್ರವನ್ನು ನಿಗದಿಪಡಿಸಲಾಗಿತ್ತು, ಹಂಚಿದ್ದು ಮಾತ್ರ ಅರ್ಜಿಯ ಸ್ಪರ್ಧೆಯಿಂದ. ಕೆಲವು ಸುತ್ತುಗಳಾದ ಮೇಲೆ ಹೊಸ ಸುತ್ತು ಬರಲಿಲ್ಲ. ಎರಡನೆಯದು ಸ್ಕಾಟ್ಲೆಂಡಿನದು: 2019ರಿಂದ ಕ್ರೌನ್ ಎಸ್ಟೇಟ್ ಸ್ಕಾಟ್ಲೆಂಡ್ 12 ನಾಟಿಕಲ್ ಮೈಲಿಗಳೊಳಗಿನ ಸಮುದ್ರದಿಂದ ಗಳಿಸುವ ನಿವ್ವಳ ಆದಾಯವನ್ನು ಕರಾವಳಿಯ ಸ್ಥಳೀಯ ಮಂಡಳಿಗಳಿಗೆ ಹಂಚಲಾಗುತ್ತಿದೆ. ಮೊದಲ ವರ್ಷ 26 ಮಂಡಳಿಗಳಿಗೆ 72 ಲಕ್ಷ ಪೌಂಡು ಸಿಕ್ಕಿತು. ಮೊತ್ತ ಸಣ್ಣದು, ಆದರೆ ತಮ್ಮ ದಡದ ಮುಂದಿನ ಸಮುದ್ರದ ವಿಸ್ತಾರಕ್ಕೆ ತಕ್ಕಂತೆ ಹಕ್ಕಾಗಿ ಬರುತ್ತದೆ, ಯಾರ ಮುಂದೆಯೂ ಕೈಚಾಚಬೇಕಿಲ್ಲ.

ಮೂರನೆಯದು ಸ್ಕಾಟ್ಲೆಂಡಿನ ಉತ್ತರ ತುದಿಯಾಚೆಗಿನ ಶೆಟ್‌ಲೆಂಡ್ ದ್ವೀಪಗಳದು, ಈ ಇಡೀ ಹೋಲಿಕೆಯಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು. ಉತ್ತರ ಸಮುದ್ರದಲ್ಲಿ ತೈಲ ಸಿಕ್ಕಾಗ ಕಂಪನಿಗಳಿಗೆ ಸುಲ್ಲಮ್ ವೋ ಕೊಲ್ಲಿಯಲ್ಲಿ ಟರ್ಮಿನಲ್ ಬೇಕಾಗಿತ್ತು. ಅಲ್ಲಿನ ಸ್ಥಳೀಯ ಮಂಡಳಿ ಅವಸರಪಡದೆ, 1974ರಲ್ಲಿ ಸಂಸತ್ತಿನಿಂದ ತನಗೆಂದೇ ಒಂದು ಕಾಯಿದೆ ಮಾಡಿಸಿಕೊಂಡು, ಬಂದರಿನ ಅಧಿಕಾರವನ್ನು ಕೈಯಲ್ಲಿಟ್ಟುಕೊಂಡು, ಆಗುವ ತೊಂದರೆಗೆ ಪ್ರತಿಯಾಗಿ ಹಣ ಕೊಡುವಂತೆ ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡಿತು. 1976ರಲ್ಲಿ ಆ ಹಣಕ್ಕಾಗಿ ಒಂದು ಧರ್ಮದತ್ತಿ ಸ್ಥಾಪನೆಯಾಯಿತು. 1978ರಲ್ಲಿ ತೈಲ ಬರತೊಡಗಿತು. ಮೂಲಧನವನ್ನು ಹೂಡಿ, ಬಂದ ಆದಾಯದಿಂದ ಹಿರಿಯರ ಆರೈಕೆ ಕೇಂದ್ರಗಳನ್ನೂ ಈಜುಕೊಳ, ಆಟದ ಕೇಂದ್ರಗಳನ್ನೂ ದಶಕಗಳ ಕಾಲ ನಡೆಸಿದರು. ಕಟ್ಟುವ ಹಣ, ನಡೆಸುವ ಹಣ ಎರಡೂ ಒಂದೇ ಮೂಲದಿಂದ, ಊರಿನ ಹಿಡಿತದಲ್ಲೇ ಬಂದವು. ಎಲ್ಲ ಊರಿನ ಕಡಲಲ್ಲೂ ತೈಲವಿರುವುದಿಲ್ಲ. ಆದರೆ ಗಾಳಿಯಂತ್ರಗಳಿಗೋ ಹೊಸ ಬಂದರಿಗೋ ಭೂಮಿ ಕೊಡುವ ಮಾತುಕತೆ ನಡೆಯುವಾಗ ಊರಿನ ಒಪ್ಪಿಗೆಗೆ ಬೆಲೆಯಿರುತ್ತದೆ. ಒಪ್ಪಂದಕ್ಕೆ ಸಹಿಬಿದ್ದ ಮರುದಿನ ಅದೇ ಮಾತಿಗೆ ಬೆಲೆಯಿರುವುದಿಲ್ಲ.

ಊರಿನದೇ ತೆರಿಗೆ, ಹೊರಗಿನವರ ದೇಣಿಗೆ

ಸ್ವಂತ ತೆರಿಗೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆಸ್ತಿಗಳ ಬೆಲೆ ಕುಸಿದ, ಅಂಗಡಿಗಳು ಮುಚ್ಚಿದ ಊರು ಆಸ್ತಿ ತೆರಿಗೆಯಿಂದಲೂ ವ್ಯಾಪಾರ ತೆರಿಗೆಯಿಂದಲೂ ಎದ್ದು ನಿಲ್ಲಲಾರದು. 2013ರಿಂದ ಇಂಗ್ಲೆಂಡಿನಲ್ಲಿ ವ್ಯಾಪಾರ ಕಟ್ಟಡಗಳ ತೆರಿಗೆಯ ಅರ್ಧವನ್ನು ಸ್ಥಳೀಯವಾಗಿಯೇ ಉಳಿಸಿಕೊಳ್ಳುವ ವ್ಯವಸ್ಥೆ ಬಂದಾಗ ಬೆಳೆಯುತ್ತಿರುವ ಊರುಗಳಿಗೆ ಅನುಕೂಲವಾಯಿತು, ಕುಗ್ಗುತ್ತಿರುವ ಊರುಗಳಿಗೆ ಅಪಾಯ ಹೆಚ್ಚಿತು. ಇದಕ್ಕೆ ಹೊರತಾದದ್ದು ಪ್ರವಾಸಿ ತೆರಿಗೆ. ಫ್ರಾನ್ಸಿನಲ್ಲಿ 1910ರಿಂದಲೇ ತಂಗುವವರಿಂದ ರಾತ್ರಿಯ ಲೆಕ್ಕದಲ್ಲಿ ಸಣ್ಣ ಮೊತ್ತ ವಸೂಲಿ ಮಾಡುವ ಪದ್ಧತಿಯಿದೆ. ಬೇಸಿಗೆಯ ಭಾರವನ್ನು ಬೇಸಿಗೆಯ ಅತಿಥಿಯೇ ಸ್ವಲ್ಪಮಟ್ಟಿಗೆ ಹೊರುವುದರಿಂದ ಇದು ನ್ಯಾಯವಾದದ್ದು. ಆದರೆ ಪ್ರವಾಸಿಗರು ಈಗಲೂ ಬರುತ್ತಿರುವ ಊರಿಗೆ ಮಾತ್ರ ಉಪಯುಕ್ತ. ದಿನದ ಮಟ್ಟಿಗೆ ಬಂದು ಸಂಜೆಗೇ ಮರಳುವವರ ಊರಿನಲ್ಲಿ ಈ ತೆರಿಗೆಯಿಂದ ಕಸದ ಲಾರಿಯ ಡೀಸೆಲ್ಲಿಗೂ ಸಾಲುವಷ್ಟು ಹುಟ್ಟದಿರಬಹುದು.

ದೇಣಿಗೆಯ ದಾರಿಯನ್ನು ಜಪಾನ್ 2008ರಲ್ಲಿ ತೆರೆಯಿತು. ಫುರುಸಾತೊ ನೋಜೆಯ್ ಎಂಬ, ಅಂದರೆ ಹುಟ್ಟೂರ ತೆರಿಗೆ ಎನ್ನಬಹುದಾದ ಆ ಪದ್ಧತಿಯಲ್ಲಿ ನಗರವಾಸಿ ತನಗೆ ಬೇಕಾದ ಊರಿಗೆ ದೇಣಿಗೆ ಕೊಟ್ಟು ತನ್ನ ತೆರಿಗೆಯಲ್ಲಿ ಅದರ ಬಹುಭಾಗವನ್ನು ಕಡಿತ ಮಾಡಿಸಿಕೊಳ್ಳಬಹುದು. ಊರು ಪ್ರತಿಯಾಗಿ ಉಡುಗೊರೆ ಕಳುಹಿಸುತ್ತದೆ. ಓಖೋಟ್ಸ್ಕ್ ಸಮುದ್ರದ ದಡದ ಮೊಂಬೆತ್ಸು ಎಂಬ ಸಣ್ಣ ನಗರ ಸ್ಕ್ಯಾಲಪ್ ಚಿಪ್ಪುಮಾಂಸವನ್ನು ಕಳುಹಿಸಿ 2021ರ ಆರ್ಥಿಕ ವರ್ಷದಲ್ಲಿ ಸುಮಾರು 1,530 ಕೋಟಿ ಯೆನ್ ಪಡೆದು ಇಡೀ ದೇಶಕ್ಕೆ ಮೊದಲನೆಯದಾಯಿತು. ಒಸಾಕಾ ಕೊಲ್ಲಿಯ ಇಜುಮಿಸಾನೊ ತನ್ನ ಊರಿನದಲ್ಲದ ವಸ್ತುಗಳನ್ನೂ ಗಿಫ್ಟ್ ಕಾರ್ಡುಗಳನ್ನೂ ಕೊಟ್ಟು 2018ರ ಆರ್ಥಿಕ ವರ್ಷದಲ್ಲಿ ಸುಮಾರು 4,970 ಕೋಟಿ ಯೆನ್ ಸಂಗ್ರಹಿಸಿತು. ಆ ನಂತರ ಉಡುಗೊರೆಯ ಬೆಲೆ ದೇಣಿಗೆಯ ಶೇ. 30ನ್ನು ಮೀರಬಾರದೆಂಬ ನಿಯಮ ಬಂದು ಆ ನಗರವನ್ನು ಹೊರಗಿಡಲಾಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ನಗರದ ಪರವಾಗಿ ತೀರ್ಪಿತ್ತಿತು. ಕಳುಹಿಸಲು ಒಳ್ಳೆಯ ಮೀನೋ ಮಾಂಸವೋ ಇರುವ ಊರಿಗೆ ಇದು ವರ, ಇಲ್ಲದ ಊರಿಗೆ ಏನೂ ಅಲ್ಲ. ಆಸ್ಪತ್ರೆಯಂಥ ಸೇವೆಯನ್ನು ಮುಂದಿನ ವರ್ಷದ ಗಿರಾಕಿಗಳ ರುಚಿಗೆ ಕಟ್ಟಿಹಾಕುವುದು ಸರಿಯಲ್ಲವೆಂದು ನನ್ನ ಅನಿಸಿಕೆ. ಬಂದ ವರ್ಷ ಬಂದಷ್ಟನ್ನು ಮೀಸಲು ನಿಧಿಗೆ ಹಾಕಿಡುವುದು ಒಳ್ಳೆಯದು.

ಸ್ಥಳೀಯ ಸಮಿತಿಯ ಕೈಯಲ್ಲಿ ಸಣ್ಣ ಗಂಟು

ಯುರೋಪಿಯನ್ ಒಕ್ಕೂಟ 2007ರ ನಂತರ ಮೀನುಗಾರಿಕೆ ನಿಧಿಯ ಒಂದು ಭಾಗವನ್ನು ಕರಾವಳಿಯ ಸ್ಥಳೀಯ ಕ್ರಿಯಾ ಗುಂಪುಗಳ ಕೈಗೆ ಕೊಟ್ಟಿತು. 2014–2020ರ ಅವಧಿಯಲ್ಲಿ ಇಂಥ 350ಕ್ಕೂ ಹೆಚ್ಚು ಗುಂಪುಗಳಿದ್ದವು. ಮೀನುಗಾರರು, ಸ್ಥಳೀಯ ಸಂಸ್ಥೆ, ಸಣ್ಣ ಉದ್ಯಮಿಗಳು ಒಟ್ಟಿಗೆ ಕುಳಿತು ತೀರ್ಮಾನಿಸುವುದರಿಂದ ಮಂಜುಗಡ್ಡೆ ಘಟಕ, ದೋಣಿ ದುರಸ್ತಿ, ಮೀನು ಮಾರಾಟದ ಮಳಿಗೆಯಂಥ ಹೊರಗಿನ ಕಣ್ಣಿಗೆ ಸಣ್ಣದಾಗಿ ಕಾಣುವ, ಊರಿಗೆ ಬೇಕೇಬೇಕಾದ ಕೆಲಸಗಳು ನಡೆದವು. ಬ್ರಿಟನ್ನಿನಲ್ಲೂ 2023ರಲ್ಲಿ 55 ಪಟ್ಟಣಗಳಿಗೆ ತಲಾ ಎರಡು ಕೋಟಿ ಪೌಂಡನ್ನು ಹತ್ತು ವರ್ಷಗಳ ಮೇಲೆ ಹರಡಿ, ಸ್ಥಳೀಯರ ಸಮಿತಿಯ ಮೂಲಕ ಖರ್ಚು ಮಾಡುವ ಯೋಜನೆ ಬಂತು. ಸರ್ಕಾರ ಬದಲಾದ ಮೇಲೆ 2025ರಲ್ಲಿ ಅದನ್ನು ಬೇರೆ ಹೆಸರಿನಲ್ಲಿ 75 ಪ್ರದೇಶಗಳಿಗೆ ವಿಸ್ತರಿಸಲಾಯಿತು. ಹತ್ತು ವರ್ಷವೆಂಬ ಅವಧಿಯೇ ಇಲ್ಲಿನ ಮುಖ್ಯ ಗುಣ. ವರ್ಷಕ್ಕೆ ಹಂಚಿದರೆ 20 ಲಕ್ಷ ಪೌಂಡು. ಇದರಿಂದ ಆಸ್ಪತ್ರೆ ನಡೆಯದು, ಯುವಜನ ಕೇಂದ್ರವೊಂದು ಭಯವಿಲ್ಲದೆ ನಡೆದೀತು.

ಹೊರಟುಹೋಗಲು ಕೊಡುವ ಹಣ

ಇದನ್ನು ಹೋಲಿಕೆಯಲ್ಲಿ ಸೇರಿಸಲು ಮನಸ್ಸು ಹಿಂಜರಿಯುತ್ತದೆ, ಆದರೂ ಬಿಡುವಂತಿಲ್ಲ. ಕೆನಡಾದ ನ್ಯೂಫೌಂಡ್‌ಲೆಂಡ್ ಕರಾವಳಿಯಲ್ಲಿ ಕಾಡ್ ಮೀನಿನ ಸಂತತಿ ಕುಸಿದು 1992ರ ಜುಲೈ 2ರಂದು ಮೀನುಗಾರಿಕೆಗೆ ನಿಷೇಧ ಬಿತ್ತು. ಸುಮಾರು 30 ಸಾವಿರ ಮಂದಿ ಒಮ್ಮೆಗೇ ಕೆಲಸ ಕಳೆದುಕೊಂಡರು. 1994ರಲ್ಲಿ 190 ಕೋಟಿ ಕೆನಡಿಯನ್ ಡಾಲರುಗಳ ಐದು ವರ್ಷದ ಯೋಜನೆ ಬಂತು: ಜೀವನಕ್ಕೆ ಭತ್ಯೆ, ಹೊಸ ಕಸುಬಿನ ತರಬೇತಿ, ಪರವಾನಗಿಗಳ ಮರುಖರೀದಿ. ಅರ್ಹರ ಸಂಖ್ಯೆ ಅಂದಾಜು ಮೀರಿ ಸುಮಾರು 40 ಸಾವಿರಕ್ಕೆ ಹೋದಾಗ ತರಬೇತಿಗೆಂದಿಟ್ಟ ಹಣವೂ ಭತ್ಯೆಗೇ ಹರಿಯಿತು, ಮತ್ತು 1999ರವರೆಗೆ ಇರಬೇಕಾದ ಯೋಜನೆ 1998ರಲ್ಲೇ ಮುಗಿಯಿತು. 1991ರಿಂದ 2001ರೊಳಗೆ ಆ ಪ್ರಾಂತ್ಯದ ಜನಸಂಖ್ಯೆ ಸುಮಾರು ಹತ್ತನೇ ಒಂದು ಭಾಗ ಕರಗಿತು. ಭತ್ಯೆ ಜನರನ್ನು ಹಸಿವಿನಿಂದ ಕಾಪಾಡಿತು ಎಂಬುದು ಸಣ್ಣ ಮಾತಲ್ಲ. ಊರಿನ ಶಾಲೆ, ದವಾಖಾನೆಗಳಿಗೆ ಆ ಹಣದಲ್ಲಿ ಏನೂ ಇರಲಿಲ್ಲವೆಂಬುದೂ ಅಷ್ಟೇ ನಿಜ.

ಅದೇ ಪ್ರಾಂತ್ಯದಲ್ಲಿ ಊರಿನ ಜನರೇ ಮತ ಹಾಕಿ ಸ್ಥಳಾಂತರ ಕೇಳುವ ನೀತಿಯೂ ಇದೆ. 2013ರಿಂದ ಮನೆಯೊಂದಕ್ಕೆ 2.5 ಲಕ್ಷದಿಂದ 2.7 ಲಕ್ಷ ಡಾಲರುಗಳವರೆಗೆ ಪರಿಹಾರ ಕೊಡುತ್ತಿದ್ದರು, ಶೇ. 90 ಮಂದಿ ಒಪ್ಪಬೇಕಿತ್ತು. ಲಿಟಲ್ ಬೇ ಐಲೆಂಡ್ಸ್ ಎಂಬ ಊರಿನ ಮತದಾನದಲ್ಲಿ ಒಮ್ಮೆ ಶೇ. 89.47 ಬಂದು ಕೂದಲೆಳೆಯಲ್ಲಿ ತಪ್ಪಿತು; ಮನೆಮನೆಯ ನಡುವೆ ಮಾತು ನಿಂತ ಆ ವರ್ಷಗಳ ನೋವನ್ನು ಯಾವ ಲೆಕ್ಕಪತ್ರವೂ ಹಿಡಿದಿಡಲಾರದು. 2019ರಲ್ಲಿ ಎಲ್ಲರೂ ಒಪ್ಪಿದರು, ಆ ವರ್ಷದ ಡಿಸೆಂಬರ್ 31ರಂದು ವಿದ್ಯುತ್ತು ನಿಂತಿತು. ಏರುವ ಸಮುದ್ರದಿಂದಾಗಿ ವೇಲ್ಸ್‌ನ ಫೇರ್‌ಬೋರ್ನ್‌ನಂಥ ಊರುಗಳ ಮುಂದೆಯೂ ಇದೇ ಪ್ರಶ್ನೆ ನಿಂತಿದೆ. ಈ ದಾರಿ ಒಪ್ಪಿತವಾಗಬೇಕಾದರೆ ಎರಡು ಷರತ್ತುಗಳು ಬೇಕು: ತೀರ್ಮಾನ ಊರಿನವರದ್ದಾಗಿರಬೇಕು, ಮತ್ತು ತೀರ್ಮಾನವಾಗುವವರೆಗೆ ಸೇವೆಗಳನ್ನು ಒಂದೊಂದಾಗಿ ಕಿತ್ತು ಜನರನ್ನು ಒತ್ತಾಯಿಸಬಾರದು.

ಯಾವ ಸೇವೆಗೆ ಯಾವ ಹಣ

ಆಸ್ಪತ್ರೆ, ಶಾಲೆ, ಹಿರಿಯರ ಆರೈಕೆಗಳಿಗೆ ಸೂತ್ರದ ಅನುದಾನವನ್ನು ಬಿಟ್ಟು ಬೇರಾವುದನ್ನೂ ನೆಚ್ಚಬಾರದು. ಊರಿನ ಮೊದಲ ಹೋರಾಟ ಸೂತ್ರದೊಳಗಿನ ಅಂಶಗಳಿಗಾಗಿಯೇ ಇರಲಿ: ವಯೋಮಾನ, ದೂರ, ಬೇಸಿಗೆಯ ಜನಸಂಖ್ಯೆ, ಸಣ್ಣ ಪ್ರದೇಶದ ಬಡತನ. ಒಂದೇ ಊರು ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಒಂದೇ ಕರಾವಳಿಯ ಹತ್ತು ಊರುಗಳು ಸೇರಿ, ತಮ್ಮ ಆಂಬ್ಯುಲೆನ್ಸ್ ಕರೆಗಳ ಮತ್ತು ಕಸದ ತೂಕದ ತಿಂಗಳವಾರು ದಾಖಲೆಯನ್ನು ಮುಂದಿಟ್ಟು ಕೇಳಬೇಕು. ಕಡಲಿನ ತಡೆಗೋಡೆಗೆ ರಾಷ್ಟ್ರೀಯ ಬಂಡವಾಳ ನಿಧಿಯೇ ಸರಿ, ಆದರೆ ಉಳಿಯುವ ಆಸ್ತಿಯ ಬೆಲೆಯನ್ನು ನೋಡಿ ಆದ್ಯತೆ ಕೊಡುವ ಪದ್ಧತಿಯಲ್ಲಿ ಅಗ್ಗದ ಮನೆಗಳ ಊರು ಹಿಂದೆ ಬೀಳುತ್ತದೆ ಎಂಬುದನ್ನು ನೆನಪಿಡಬೇಕು. ಮನೆಗಳನ್ನೂ ಜನರನ್ನೂ ಎಣಿಸುವಂತೆ ಒತ್ತಾಯಿಸಬೇಕು. ಕೆಟ್ಟ ಬಾಡಿಗೆ ಮನೆಗಳಿಗೆ ಪುರಸಭೆಯೇ ಕೊಂಡು ದುರಸ್ತಿ ಮಾಡಿ ಬಾಡಿಗೆಗೆ ಕೊಡುವ ದಾರಿ ಉತ್ತಮ. ಬ್ಲ್ಯಾಕ್‌ಪೂಲ್ 2015ರಲ್ಲಿ ಇದಕ್ಕೆಂದೇ ತನ್ನದೊಂದು ಕಂಪನಿ ಸ್ಥಾಪಿಸಿತು. ಬಾಡಿಗೆಯೇ ನಿರ್ವಹಣೆಯ ವೆಚ್ಚ ಕೊಡುವುದರಿಂದ ಇಲ್ಲಿ ಸಾಲದ ಹಣವೂ ಒಪ್ಪುತ್ತದೆ.

ಕಲಾಕೇಂದ್ರ, ಮಾರುಕಟ್ಟೆ, ಹಳೆಯ ಜೆಟ್ಟಿಯ ದುರಸ್ತಿಗಳಿಗೆ ಸ್ಪರ್ಧೆಯ ನಿಧಿಗೆ ಅರ್ಜಿ ಹಾಕಬಹುದು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೇಡ. ಅರ್ಜಿಯ ಸಿದ್ಧತೆಗೆ ಎಷ್ಟು ಸಿಬ್ಬಂದಿ, ಎಷ್ಟು ತಿಂಗಳು ಎಂದು ಸಭೆಯ ನಡಾವಳಿಯಲ್ಲಿ ಬರೆದಿಡಬೇಕು. ಸೋತರೆ ಆ ತಿಂಗಳುಗಳಲ್ಲಿ ಯಾವ ಕೆಲಸ ನಿಂತಿತು ಎಂಬುದು ಜನರಿಗೆ ತಿಳಿಯುವಂತಿರಬೇಕು. ಗೆದ್ದರೆ, ಮೊದಲ ಕಂತು ಬರುವ ಮುನ್ನವೇ ಹತ್ತು ವರ್ಷದ ವಿದ್ಯುತ್ತು, ವಿಮೆ, ಕಾವಲುಗಾರ, ಬಣ್ಣ, ಉಪ್ಪುಗಾಳಿಗೆ ತುಕ್ಕು ಹಿಡಿಯುವ ಕಬ್ಬಿಣದ ಬದಲಾವಣೆ ಇವುಗಳ ಅಂದಾಜನ್ನು ಬರೆಸಿ, ಅದರ ಎದುರಿಗೆ ಕೊಡುವವರ ಹೆಸರನ್ನೂ ಸಹಿಯನ್ನೂ ಹಾಕಿಸಬೇಕು. ಸಹಿ ಹಾಕಲು ಯಾರೂ ಮುಂದೆ ಬರದಿದ್ದರೆ ಆ ಯೋಜನೆಯ ಗಾತ್ರವನ್ನು ಇಳಿಸಿ, ಈಗಾಗಲೇ ಇರುವ ಗ್ರಂಥಾಲಯದ ಸೂರಿಗೋ ಬಸ್ ನಿಲ್ದಾಣದ ಶೌಚಾಲಯಕ್ಕೋ ಆ ಹಣವನ್ನು ತಿರುಗಿಸಲು ಅನುಮತಿ ಕೇಳುವುದು ಲೇಸು.